ಕೀಲಿಗೊಂಚಲು ನೆಲ ಮುಟ್ಟಲು ತೆಗೆದುಕೊಂಡ ಕಾಲ

ಹೇಳಿಕೆ ಕೊಡುವವನು: ಗುರುತಿನ ಚೀಟಿಯಲ್ಲಿ ಬೇರೆ ಏನೋ ಇದ್ದರೂ ಊರೆಲ್ಲ ‘ಸ್ವಲ್ಪನಗಿ’ ಎಂದು ಕರೆಯುವ ನಾನು. ವಯಸ್ಸು: ಐವತ್ತೆರಡು. ಉದ್ಯೋಗ: ಫೋಟೋ ಮತ್ತು ವಿಡಿಯೋ ಸ್ಟುಡಿಯೋ, ಸ್ವಂತದ್ದು, ಇಪ್ಪತ್ತೆಂಟು ವರ್ಷಗಳಿಂದ. ವಾಸ: ಸ್ಟುಡಿಯೋದ ಮೇಲಿನ ಮಹಡಿ, ಈ ಠಾಣೆಯಿಂದ ನಾನೂರು ಮೀಟರ್. ಹೇಳಿಕೆ ಶುರುವಾದದ್ದು ಮಧ್ಯಾಹ್ನ 12 ಗಂಟೆ 10 ನಿಮಿಷಕ್ಕೆ. ಬರೆದುಕೊಳ್ಳಬೇಕಾಗಿದ್ದ ಹೆಡ್ ಕಾನ್‌ಸ್ಟೇಬಲ್ ಅವರು, ನನ್ನ ಮಾತಿನ ಓಟಕ್ಕೆ ತಮ್ಮ ಪೆನ್ನು ಸಾಲದೆಂದು ಅದನ್ನು ನನಗೇ ಕೊಟ್ಟಿದ್ದರಿಂದ, ಸ್ವಂತ ಕೈಬರಹದಲ್ಲಿ ಬರೆಯುತ್ತಿದ್ದೇನೆ.

ಈ ಕಾಗದದ ಮೂಲಕ ಮೊದಲು ಒಪ್ಪಿಕೊಂಡು ಆಮೇಲೆ ದೂರುವುದೇನೆಂದರೆ, ನಾನು ಅಪರಾಧಿ. ಇಂದು, ಸೆಪ್ಟೆಂಬರ್ 18ರಂದು, ಬೆಳಿಗ್ಗೆ 11 ಗಂಟೆ 22 ನಿಮಿಷಕ್ಕೆ, ಎರಡನೇ ನಂಬರಿನ ಕೋರ್ಟ್ ಹಾಲಿನ ಮೂರನೇ ಬೆಂಚಿನ ಎಡತುದಿಯಲ್ಲಿ ಕುಳಿತು, ಅಂಗಿಯ ಜೇಬಿನಲ್ಲಿದ್ದ ಮೊಬೈಲನ್ನು ಎರಡು ಸೆಂಟಿಮೀಟರ್ ಮೇಲಕ್ಕೆತ್ತಿ, ಗೋಡೆಯ ಟಿವಿಯಲ್ಲಿ ಓಡುತ್ತಿದ್ದ ದೃಶ್ಯವನ್ನು ನಲವತ್ತು ಸೆಕೆಂಡುಗಳ ಕಾಲ ಕದ್ದಿದ್ದೇನೆ. ‘ಮೊಬೈಲ್ ಬಳಕೆ ನಿಷೇಧ’ ಎಂಬ ಬೋರ್ಡು ನನ್ನ ತಲೆಯಿಂದ ಒಂದು ಮೀಟರ್ ದೂರದಲ್ಲಿತ್ತು. ಅದನ್ನು ಗಮನಿಸಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ. ಅದನ್ನು ಮುದ್ರಿಸಿ, ಚೌಕಟ್ಟು ಹಾಕಿ, ಮೊಳೆ ಹೊಡೆದು ಕೊಟ್ಟವನೇ ನಾನು. ಈ ಅಪರಾಧಕ್ಕೆ ಕಾನೂನಿನಲ್ಲಿ ಎಷ್ಟಿದೆಯೋ ಅಷ್ಟನ್ನು ನನಗೆ ಕೊಡಬಹುದು. ಆದರೆ ಅದೇ ಟಿವಿಯಲ್ಲಿ ನನ್ನ ಕಳ್ಳತನಕ್ಕಿಂತ ನೂರು ಪಾಲು ದೊಡ್ಡದೊಂದು ಕಳ್ಳತನ ಎಲ್ಲರ ಎದುರಿಗೇ ನಡೆಯಿತು, ಅದಕ್ಕೆ ಯಾರೂ ಬೋರ್ಡು ಹಾಕಿಲ್ಲ. ನನ್ನ ದೂರು ಅದರ ಬಗ್ಗೆ. ಅದನ್ನು ಹೇಳಬೇಕಾದರೆ ಆರು ತಿಂಗಳು ಹದಿನಾಲ್ಕು ದಿನ ಹಿಂದಕ್ಕೆ ಹೋಗಬೇಕಾಗುತ್ತದೆ.

ಮಾರ್ಚ್ 4ರಂದು ಮಧ್ಯಾಹ್ನ 1 ಗಂಟೆ 5 ನಿಮಿಷಕ್ಕೆ ನನ್ನ ಭಾವ, ಅಂದರೆ ಸ್ವಂತ ಅಕ್ಕನ ಗಂಡ, ವಯಸ್ಸು ಐವತ್ತೇಳು, ಏಳು ಮಹಡಿಯ ಕಚೇರಿ ಕಟ್ಟಡವೊಂದರಲ್ಲಿ ಲಿಫ್ಟ್ ನಡೆಸುವ ತಮ್ಮ ಕೆಲಸದಲ್ಲಿದ್ದರು. ಮೂವತ್ತೊಂದು ವರ್ಷ ದಿನಕ್ಕೆ ಇನ್ನೂರು ಸಲ ಮೇಲೇರಿದರೂ ಜೀವನದಲ್ಲಿ ಮೇಲೇರದ ಮನುಷ್ಯ ನಮ್ಮ ಬಳಗದಲ್ಲಿ ಅವರೊಬ್ಬರೇ. ಆ ಲಿಫ್ಟು ಜಾಲರಿ ಬಾಗಿಲಿನ ಹಳೆಯ ಪೆಟ್ಟಿಗೆ. ಒಳಗಿನ ಉದ್ದಗಲ ಒಂದೂವರೆ ಮೀಟರ್. ಒಂದು ಮೂಲೆಯಲ್ಲಿ ಭಾವನ ಸ್ಟೂಲು, ಅದರ ಎದುರು ಮೂಲೆಯಲ್ಲಿ ಮೇಲ್ಗಡೆ ಒಂದು ಕ್ಯಾಮೆರಾ. ಆ ಲಿಫ್ಟು ಮೂರನೇ ಮಹಡಿಯಲ್ಲಿ ಸಮಕ್ಕೆ ನಿಲ್ಲುವುದಿಲ್ಲ, ನೆಲಕ್ಕಿಂತ ಒಂಬತ್ತು ಸೆಂಟಿಮೀಟರ್ ಕೆಳಗೆ ನಿಲ್ಲುತ್ತದೆ. ಇದನ್ನು ಸರಿ ಮಾಡಿಸಿ ಎಂದು ಭಾವ ನಾಲ್ಕು ಸಲ ಬರೆದುಕೊಟ್ಟಿದ್ದರು. ಐದನೇ ಸಲಕ್ಕೆ ಸಿಕ್ಕ ಉತ್ತರ, ಬರೆಯಲು ಕಾಗದ ಎಲ್ಲಿಂದ ಸಿಗುತ್ತಿದೆ ಎಂಬ ವಿಚಾರಣೆ. ಆದ್ದರಿಂದ ಮೂರನೇ ಮಹಡಿ ಬಂದಾಗಲೆಲ್ಲ ಅವರೇ ಬಾಯಿಬಿಟ್ಟು, ಮೆಟ್ಟಿಲಿದೆ, ನೋಡ್ಕೊಂಡು ಇಳೀರಿ ಎನ್ನುತ್ತಿದ್ದರು. ಅಭ್ಯಾಸ ಬಲ, ನಮ್ಮ ಮನೆಗೆ ಬಂದರೂ ಬಾಗಿಲಲ್ಲಿ ಹಾಗೇ ಎನ್ನುತ್ತಾರೆ.

ಆ ದಿನ ಇಳಿಯಬೇಕಾಗಿದ್ದವರು ಮೂರನೇ ಮಹಡಿಯ ಕಚೇರಿಯ ಮ್ಯಾನೇಜರ್. ಅವರು ಕಿವಿಗೆ ಫೋನು ಹಚ್ಚಿಕೊಂಡಿದ್ದರಿಂದ ಆ ಕಿವಿಗೆ ಮೆಟ್ಟಿಲು ಕೇಳಿಸಲಿಲ್ಲ. ಕಾಲು ಅಂಚಿಗೆ ತಾಗಿ ಮುಗ್ಗರಿಸಿದರು. ಭಾವ ಸ್ಟೂಲಿನಿಂದ ಎದ್ದು, ಕೈಯಲ್ಲಿದ್ದ ಕೀಲಿಗೊಂಚಲನ್ನು ಬಿಟ್ಟು, ಅವರ ಕೋಟು ಹಿಡಿಯಲು ಕೈ ಚಾಚಿದರು. ಬೆರಳಿಗೆ ಬಟ್ಟೆ ಸಿಕ್ಕಿತು, ಮನುಷ್ಯ ಸಿಗಲಿಲ್ಲ. ಮ್ಯಾನೇಜರರ ಬಲಗೈ ಮಣಿಕಟ್ಟು ಎರಡು ಕಡೆ ಮುರಿಯಿತು. ಭಾವ ಎದ್ದಲ್ಲಿಂದ ಬೆರಳು ಕೋಟಿಗೆ ತಾಗುವವರೆಗೆ ನಡೆದದ್ದೆಲ್ಲ ಒಂದೂಕಾಲು ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ. ಇದನ್ನು ನಾನು ಹೇಗೆ ಬಲ್ಲೆ ಎಂಬುದು ಮುಂದೆ ಬರುತ್ತದೆ.

ಅದೇ ದಿನ ಸಂಜೆ 5 ಗಂಟೆ 40 ನಿಮಿಷಕ್ಕೆ ಮ್ಯಾನೇಜರ್ ಇದೇ ಠಾಣೆಯಲ್ಲಿ ಕೊಟ್ಟ ದೂರಿನಲ್ಲಿ ಇದ್ದದ್ದು, ಬೀಳುವಾಗ ಬೆನ್ನಿಗೆ ಏನೋ ತಾಗಿದಂತಾಯಿತು ಎಂಬ ಒಂದೇ ವಾಕ್ಯ. ಜೊತೆಗೆ, ಹಿಂದಿನ ದಿನ ಲಿಫ್ಟಿನವನು ಸ್ಟೂಲಿನಲ್ಲಿ ತೂಕಡಿಸುತ್ತಾನೆಂದು ತಾವು ಗದರಿಸಿದ್ದುಂಟು, ಆ ಸಿಟ್ಟು ಇದ್ದಿರಲೂಬಹುದು ಎಂದು ಸೇರಿಸಿದ್ದರು. ‘ತಾಗಿದಂತಾಯಿತು’ ಎಂಬುದು ಸೆಪ್ಟೆಂಬರ್ ಹೊತ್ತಿಗೆ ‘ಎರಡೂ ಕಾಲು ನೆಲದಿಂದ ಏಳುವಂತೆ ತಳ್ಳಿದ’ ಎಂದಾಯಿತು. ನಡುವೆ ಆದದ್ದು ಇಷ್ಟೇ, ಅವರು ಆ ವಿಡಿಯೋ ನೋಡಿದರು. ಅವರು ಬೇಕೆಂದೇ ಸುಳ್ಳು ಹೇಳುತ್ತಿದ್ದಾರೆ ಎಂದು ನಾನು ದೂರುವುದಿಲ್ಲ. ಕೈ ಮುರಿದದ್ದು ಅವರದು, ನೆನಪು ಮುರಿದದ್ದು ವಿಡಿಯೋ.

ಸೆಪ್ಟೆಂಬರ್ 9ರಂದು ಬೆಳಿಗ್ಗೆ 11 ಗಂಟೆಗೆ ನಾನು, ಅಕ್ಕ, ಭಾವ ಕೋರ್ಟಿಗೆ ಹೋದೆವು. ಮೊದಲ ಸಲ ಆ ವಿಡಿಯೋವನ್ನು ನಾವು ನೋಡಿದ್ದು ಅಂದು. ಇಪ್ಪತ್ತೆಂಟು ವರ್ಷ ಊರವರ ಭಾವಚಿತ್ರ ತೆಗೆದ ನಾನು, ಅಂದು ಭಾವನ ಚಿತ್ರ ನೋಡಿ ಬೆವತೆ. ಟಿವಿಗೆ ಸ್ಪೀಕರ್ ಇರಲಿಲ್ಲ. ಚಿತ್ರ ಮಾತ್ರ. ಭಾವ ಸ್ಟೂಲಿನಿಂದ ಏಳುತ್ತಾರೆ, ಆತುರವೇನೂ ಇಲ್ಲ. ಕೈ ಮುಂದಕ್ಕೆ ಹೋಗುತ್ತದೆ, ನೀರಿನಲ್ಲಿ ಈಜುವಂತೆ. ಅಂಗೈ ಮ್ಯಾನೇಜರರ ಬೆನ್ನ ಮೇಲೆ ಕೂರುತ್ತದೆ, ಆಶೀರ್ವಾದ ಮಾಡುವಂತೆ. ಮ್ಯಾನೇಜರ್ ನಿಧಾನಕ್ಕೆ ನೆಲದ ಕಡೆ ಹೊರಡುತ್ತಾರೆ. ಮೂಲೆಯಲ್ಲಿರಬೇಕಾದ ಗಡಿಯಾರದ ಅಂಕಿಗಳು ಇಲ್ಲ. ಬದಲಿಗೆ ಎಲ್ಲರ ಮುಖದಲ್ಲೂ ಒಂದು ಹೊಂಬಣ್ಣ. ಅಕ್ಕ ನನ್ನ ತೋಳು ಹಿಡಿದು, ಲೋ, ನಮ್ಮನೆಯವ್ರು ಇಷ್ಟು ಬೆಳ್ಳಗೆ ಯಾವತ್ತಿದ್ರೋ ಎಂದು ಕಿವಿಯಲ್ಲಿ ಕೇಳಿದಳು. ನಾನು ಆಗಲೇ ಎಚ್ಚರಗೊಳ್ಳಬೇಕಾಗಿತ್ತು.

ಸರ್ಕಾರಿ ವಕೀಲರು ಎದ್ದು, ಇದು ಮೂಲದ ಯಥಾಪ್ರತಿ ಎಂದು ಠಾಣೆಯ ದೃಢೀಕರಣವಿದೆ ಎಂದರು. ಆಮೇಲೆ, ಆರೋಪಿ ಎದ್ದ ಕ್ಷಣದಿಂದ ಬೆನ್ನು ಮುಟ್ಟುವವರೆಗೆ ಪೂರ್ತಿ ಮೂರು ಸೆಕೆಂಡು, ಅದೊಂದು ಸಣ್ಣ ಹೊತ್ತು ಅನ್ನಿಸಬಹುದು, ಎಷ್ಟು ದೊಡ್ಡದು ಎಂದು ತೋರಿಸುತ್ತೇನೆ ಎಂದು ಹೇಳಿ, ಕೈಗಡಿಯಾರ ನೋಡುತ್ತ ಸುಮ್ಮನೆ ನಿಂತರು. ಮೂರು ಸೆಕೆಂಡು ಮುಗಿಯುವಷ್ಟರಲ್ಲಿ ನನಗೇ ನಾಲ್ಕು ಜನರನ್ನು ತಳ್ಳಬೇಕೆನಿಸಿತು. ಅವರು ಗಡಿಯಾರದಿಂದ ಕಣ್ಣೆತ್ತಿ, ಇಷ್ಟು ಹೊತ್ತು ಯೋಚನೆ ಮಾಡಿ ತಳ್ಳಿದ್ದಾರೆ, ಕೈತಪ್ಪಿನಿಂದ ಆಗಿದ್ದಲ್ಲ, ಮನಸ್ಸಿಟ್ಟು ಮಾಡಿದ್ದು ಎಂದರು. ಚಿತ್ರ ಯಾರ ಪರವೂ ಅಲ್ಲ, ಅದು ಸುಳ್ಳು ಹೇಳುವುದಿಲ್ಲ ಎಂದೂ ಸೇರಿಸಿದರು. ಇದೆಲ್ಲ ಯಾಕಿಷ್ಟು ನಿಧಾನ ಎಂದು ನ್ಯಾಯಾಧೀಶರು ಕೇಳಿದ್ದಕ್ಕೆ, ಹಳೇ ಕ್ಯಾಮೆರಾ, ಹಾಗೇ ಬರೋದು ಎಂದು ಯಾರೋ ಹೇಳಿದರು. ಯಾರೆಂದು ಬರೆದುಕೊಂಡವರಿಲ್ಲ.

ಅಂದು ಸಂಜೆ 6 ಗಂಟೆಗೆ ಅಕ್ಕನ ಮನೆಯ ಅಡುಗೆಮನೆಯಲ್ಲಿ ಭಾವ ಸ್ಟೂಲು ಎಳೆದುಕೊಂಡು ಮೂಲೆಗೆ ಕುಳಿತರು. ಮನೆಯಲ್ಲಿ ಎರಡು ಕುರ್ಚಿ ಖಾಲಿ ಇದ್ದವು. ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಬೇರೆಯವರ ಸಾಮಾನನ್ನು ನೋಡುವಂತೆ ನೋಡುತ್ತಿದ್ದರು. ಹಿಡಿಯೋಕೆ ಹೋದೆ ಅಂತ ನನ್ನ ನೆನಪು ಕಣೋ, ಆದರೆ ಅಲ್ಲಿ ಕಾಣೋದು ಬೇರೆ, ಕ್ಯಾಮೆರಾಗೆ ನನ್ನ ಮೇಲೆ ಏನು ದ್ವೇಷ ಎಂದು ನನ್ನನ್ನು ಕೇಳಿದರು. ಅಕ್ಕ ಪಾತ್ರೆ ತೊಳೆಯುವುದನ್ನು ನಿಲ್ಲಿಸದೆ, ಇವರಿಗೆ ಅಂಗಿಯ ಬಣ್ಣ ಆರಿಸೋಕೆ ಮೂರು ವಾರ ಬೇಕು, ಮೂರು ಸೆಕೆಂಡಲ್ಲಿ ಯೋಚನೆ ಮಾಡಿ ತಳ್ಳಿದ್ರಂತೆ, ಆ ವಕೀಲರು ಬಂದು ಒಂದು ದಿನ ಇವರ ಜೊತೆ ಅಂಗಡಿಗೆ ಹೋಗಲಿ ಎಂದಳು. ಭಾವ ನಗಲಿಲ್ಲ. ಮುವ್ವತ್ತೊಂದು ವರ್ಷ ನನ್ನ ಕೈ ನನ್ನ ಮಾತೇ ಕೇಳಿದೆ ಅಂದ್ಕೊಂಡಿದ್ದೆ ಎಂದರು. ನಾನು ಅಲ್ಲಿಂದ ಹೊರಡುವವರೆಗೂ ಆ ಕೈಯಿಂದ ಏನನ್ನೂ ಮುಟ್ಟಲಿಲ್ಲ. ಕಾಫಿಯ ಲೋಟವನ್ನೂ ಎಡಗೈಯಲ್ಲೇ ಹಿಡಿದರು.

ಸೆಪ್ಟೆಂಬರ್ 10ರ ಬೆಳಿಗ್ಗೆ ಹಲ್ಲುಜ್ಜುವಾಗ ನನಗೆ ಕೀಲಿಗೊಂಚಲು ನೆನಪಾಯಿತು. ಮನುಷ್ಯರು ಬೇಕಾದರೆ ನಿಧಾನವಾಗಿ ಏಳಬಹುದು, ನಿಧಾನವಾಗಿ ಕೈಚಾಚಬಹುದು. ಕೀಲಿಗೊಂಚಲಿಗೆ ಯಾರ ಮೇಲೂ ಹಳೆಯ ಸಿಟ್ಟಿಲ್ಲ, ಕೈ ಬಿಟ್ಟರೆ ಅದು ಬೀಳಬೇಕಾದ ವೇಗದಲ್ಲೇ ಬೀಳಬೇಕು. ಆದರೆ ಕೋರ್ಟಿನ ಟಿವಿಯಲ್ಲಿ ಅದು ಇಳಿದು ಬಂದದ್ದು ಹಕ್ಕಿಯ ಪುಕ್ಕದಂತೆ. ನಾನು ಬೀರುವಿನ ಕೀಲಿಗೊಂಚಲನ್ನು ಅಷ್ಟೇ ಎತ್ತರದಿಂದ, ಅಂದರೆ ಒಂದು ಮೀಟರಿನಿಂದ, ಹನ್ನೆರಡು ಸಲ ಬೀಳಿಸಿ ಕ್ಯಾಮೆರಾದಲ್ಲಿ ಹಿಡಿದೆ. ಹನ್ನೆರಡು ಸಲವೂ ಅರ್ಧ ಸೆಕೆಂಡಿಗಿಂತ ತುಸು ಕಡಿಮೆ. ಏಳನೇ ಸಲಕ್ಕೆ ನನ್ನ ಹೆಂಡತಿ ಬಂದು, ಕೀಲಿ ಬೀಳಿಸೋಕೂ ರಿಹರ್ಸಲ್ ಬೇಕಾ ನಿಮಗೆ ಎಂದು ಕೇಳಿ ಹೋದಳು.

ಸೆಪ್ಟೆಂಬರ್ 12ರಂದು ಮಧ್ಯಾಹ್ನ 4 ಗಂಟೆಗೆ ನಮ್ಮ ವಕೀಲರ ಕಚೇರಿಗೆ ಹೋಗಿ, ಆ ವಿಡಿಯೋ ನಿಧಾನ ಮಾಡಿದ್ದು, ಕೀಲಿಯೇ ಸಾಕ್ಷಿ ಎಂದು ವಿವರಿಸಿದೆ. ಅವರು ಎರಡು ಸಲ ಆಕಳಿಸಿ, ನೀವು ಎಕ್ಸ್‌ಪರ್ಟಾ, ಸರ್ಟಿಫಿಕೇಟ್ ಇದೆಯಾ ಎಂದು ಕೇಳಿದರು. ಇಪ್ಪತ್ತೆಂಟು ವರ್ಷದ ಅನುಭವ ಇದೆ ಎಂದೆ. ಅನುಭವಕ್ಕೆ ಸೀಲು ಎಲ್ಲಿರುತ್ತೆ ಎಂದರು. ಹಾಗಾದರೆ ಮೂಲ ತರಿಸಿ ನೋಡಿ ಎಂದೆ. ಕಟ್ಟಡದ ಕ್ಯಾಮೆರಾ ಪೆಟ್ಟಿಗೆ ಹದಿನೈದು ದಿನಕ್ಕೊಮ್ಮೆ ಹಳೆಯದರ ಮೇಲೇ ಹೊಸದನ್ನು ಬರೆದುಕೊಳ್ಳುತ್ತೆ, ಮಾರ್ಚಿನದು ಮಾರ್ಚಿಗೇ ಹೋಯಿತು, ಈಗ ಇರೋದು ಕೋರ್ಟಿನ ಡಿಸ್ಕ್ ಒಂದೇ ಎಂದರು. ಅದಕ್ಕಿಂತ ನಿಮ್ಮ ಭಾವ ಒಪ್ಪಿಕೊಂಡುಬಿಟ್ಟರೆ ಆರು ತಿಂಗಳ ಜೈಲಿನಲ್ಲಿ ಮುಗಿಯುತ್ತೆ, ಹೋರಾಡಿ ಸೋತರೆ ಮೂರು ವರ್ಷ, ಆ ವಿಡಿಯೋ ಇಟ್ಟುಕೊಂಡು ಗೆಲ್ಲೋಕೆ ಆಗಲ್ಲ ಎಂದು ತಿಳಿಸಿದರು. ತಮ್ಮ ಕಕ್ಷಿದಾರನಿಗೆ ಕೈ ಕೊಟ್ಟ ವಕೀಲರನ್ನು ಕಂಡಿದ್ದೇನೆ, ಕಕ್ಷಿದಾರನ ಕೈಯನ್ನೇ ಎದುರು ಪಕ್ಷಕ್ಕೆ ಕೊಟ್ಟವರನ್ನು ಅಂದೇ ಕಂಡದ್ದು.

ಸೆಪ್ಟೆಂಬರ್ 17ರ ಸಂಜೆ 7 ಗಂಟೆಗೆ ಅಕ್ಕ ಫೋನು ಮಾಡಿ, ನಾಳೆ ಒಪ್ಕೊಳ್ತಾರಂತೆ, ನನ್ನ ಮಾತು ಕೇಳ್ತಿಲ್ಲ, ನೀನಾದರೂ ಹೇಳು ಎಂದಳು. ಭಾವನಿಗೆ ಫೋನು ಕೊಡು ಎಂದೆ. ಅವರು ನನಗೆ ಹೇಳಿದ್ದು ಇಷ್ಟು: ಅಷ್ಟು ಜನ ಕೂತು ನೋಡಿದ್ದಾರೆ, ನಾನೊಬ್ಬನೇ ಬೇರೆ ಥರ ನೋಡಿದೆ ಅಂದರೆ ನನ್ನ ಕಣ್ಣೇ ತಪ್ಪಿರಬೇಕು, ಆ ಮನುಷ್ಯನ ಕೈ ಮುರಿದಿರೋದಂತೂ ನಿಜ ತಾನೆ? ಇದನ್ನು ಬರೆಯುವಾಗ ನನ್ನ ಅಕ್ಷರ ಕೆಟ್ಟಿರುವುದಕ್ಕೆ ಪೆನ್ನು ಕಾರಣವಲ್ಲ. ಕದಿಯದವನನ್ನು ಕದ್ದೆ ಎಂದು ಹೊಡೆದು ಒಪ್ಪಿಸುವುದನ್ನು ಹಿಂದೆ ಕೇಳಿದ್ದೇವೆ. ಈಗ ಹೊಡೆಯಬೇಕಾಗಿಲ್ಲ, ಟಿವಿ ಹಚ್ಚಿದರೆ ಸಾಕು. ಮನುಷ್ಯ ತಾನಾಗಿಯೇ ತನ್ನ ಕೈಯನ್ನು ಹಿಡಿದುಕೊಂಡು ಬಂದು ಒಪ್ಪಿಸುತ್ತಾನೆ.

ಹೀಗಾಗಿ ಇಂದು ನಾನು ಮೊಬೈಲನ್ನು ಜೇಬಿಗೆ ಹಾಕಿಕೊಂಡು ಹೋದೆ. ನ್ಯಾಯಾಧೀಶರು, ಆರೋಪಿ ಒಪ್ಪಿಕೊಳ್ಳುವ ಮೊದಲು ಇನ್ನೊಮ್ಮೆ ನೋಡೋಣ ಎಂದದ್ದರಿಂದ ವಿಡಿಯೋ ಓಡಿತು. ಅದು ಮುಗಿದೊಡನೆ ಬೆಂಚಿನ ಮರೆಯಲ್ಲಿ ಮೊಬೈಲಿನಲ್ಲಿ ಮತ್ತೆ ಓಡಿಸಿ ಎಣಿಸಿದೆ. ಕೀಲಿಗೊಂಚಲು ಭಾವನ ಕೈಬಿಟ್ಟಲ್ಲಿಂದ ನೆಲ ಮುಟ್ಟುವವರೆಗೆ ನನ್ನ ಮೊಬೈಲಿನ ಲೆಕ್ಕದಲ್ಲಿ ಒಂದು ಸೆಕೆಂಡಿಗಿಂತ ತುಸು ಹೆಚ್ಚು. ನನ್ನ ಮನೆಯ ಕೀಲಿಯ ಎರಡೂವರೆ ಪಟ್ಟು. ಅಂದರೆ ಸರ್ಕಾರಿ ವಕೀಲರ ಮೂರು ಸೆಕೆಂಡಿನಲ್ಲಿ ನಿಜವಾದದ್ದು ಒಂದೂಕಾಲು ಸೆಕೆಂಡೂ ಇಲ್ಲ. ಉಳಿದದ್ದನ್ನು ಯಾರೋ ಎಳೆದು ಸೇರಿಸಿದ್ದಾರೆ. ಒಂದೂಕಾಲು ಸೆಕೆಂಡಿನಲ್ಲಿ ಮನುಷ್ಯ ಯೋಚಿಸಲಾರ, ಹಿಡಿಯಲು ಹೋಗಬಲ್ಲ ಅಷ್ಟೆ.

ಅದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿದೆ. ಲಿಫ್ಟಿನ ಕ್ಯಾಮೆರಾ ಸೆಕೆಂಡಿಗೆ ಹತ್ತು ಚಿತ್ರ ತೆಗೆಯುವಂಥದ್ದು. ಅದನ್ನು ಹೀಗೆ ಹಿಗ್ಗಿಸಿ, ನುಣ್ಣಗೆ ಓಡಿಸಬೇಕಾದರೆ ನಡುವಿನ ಚಿತ್ರಗಳನ್ನು ಯಂತ್ರ ತಾನೇ ಊಹಿಸಿ ಬರೆದುಕೊಳ್ಳುತ್ತದೆ. ಕೈ ಇಲ್ಲಿತ್ತು, ಆಮೇಲೆ ಅಲ್ಲಿತ್ತು, ಆದ್ದರಿಂದ ನಡುವೆ ಹೀಗಿದ್ದಿರಬೇಕು ಎಂಬ ಊಹೆ. ಕೋರ್ಟು ನೋಡಿದ ಪ್ರತಿ ಆರು ಚಿತ್ರಗಳಲ್ಲಿ ಐದನ್ನು ಯಾವ ಕ್ಯಾಮೆರಾವೂ ತೆಗೆದಿಲ್ಲ. ಬಟ್ಟೆ ಹಿಡಿಯಲು ಮಡಚಿಕೊಂಡಿದ್ದ ಭಾವನ ಬೆರಳುಗಳು ಆ ಊಹೆಯಲ್ಲಿ ಕರಗಿ ಅಗಲವಾದ ಅಂಗೈ ಆಗಿವೆ. ಊಹೆಯ ಮೇಲೆ ಸಾಕ್ಷಿ ಹೇಳಬಾರದು ಎಂದು ಸಾಕ್ಷಿಕಟ್ಟೆಯ ಮನುಷ್ಯನಿಗೆ ಗದರಿಸುತ್ತಾರೆ. ಯಂತ್ರ ಊಹಿಸಿದರೆ ಕುರ್ಚಿ ತಿರುಗಿಸಿಕೊಂಡು ಕೂತು ನೋಡುತ್ತಾರೆ.

ವಿಡಿಯೋ ಮುಗಿದ ಮೇಲೆ ಸರ್ಕಾರಿ ವಕೀಲರು, ಚಿತ್ರ ಸುಳ್ಳು ಹೇಳುವುದಿಲ್ಲ ಎಂದು ಮತ್ತೆ ಅಂದರು. ನಾನು ಎದ್ದು ನಿಂತು, ಸ್ವಾಮಿ, ಹೇಳುತ್ತೆ, ಇಪ್ಪತ್ತೆಂಟು ವರ್ಷದಿಂದ ನನ್ನ ಹೊಟ್ಟೆಪಾಡೇ ಅದರ ಕೈಯಲ್ಲಿ ಸುಳ್ಳು ಹೇಳಿಸೋದು ಎಂದೆ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಮದುವೆ ಹೆಣ್ಣಿನ ಮೊಡವೆ ಅಳಿಸ್ತೀನಿ, ಗಂಡಿನ ತಲೆಗೆ ಕೂದಲು ಹಚ್ತೀನಿ, ಜಗಳ ಆಡ್ತಿರೋ ಬೀಗರನ್ನ ನಿಧಾನ ಮಾಡಿದರೆ ಅಪ್ಪಿಕೊಳ್ತಿರೋ ಹಾಗೆ ಕಾಣ್ತಾರೆ, ಈ ವಿಡಿಯೋಕ್ಕೂ ಅದನ್ನೇ ಮಾಡಿದ್ದಾರೆ ಎಂದೆ. ನಿನಗೆ ಹೇಗೆ ಗೊತ್ತು ಎಂದು ನ್ಯಾಯಾಧೀಶರು ಕೇಳಿದರು. ಪುರಾವೆ ಎಂದು ಮೊಬೈಲನ್ನು ಮೇಲೆತ್ತಿ ತೋರಿಸಿದೆ. ಆ ಕ್ಷಣಕ್ಕೆ ನನ್ನ ಪುರಾವೆ ನನ್ನ ವಿರುದ್ಧದ ಪುರಾವೆಯಾಯಿತು. ಮೊಬೈಲನ್ನು ಕಿತ್ತುಕೊಂಡರು. ಇವರ ಹೇಳಿಕೆ ಬರೆಸಿಕೊಂಡು ತನ್ನಿ, ಅಲ್ಲಿಯವರೆಗೆ ಆರೋಪಿ ಏನನ್ನೂ ಒಪ್ಪಿಕೊಳ್ಳುವುದು ಬೇಡ, ಮೂರು ಗಂಟೆಗೆ ಕರೆಯುತ್ತೇನೆ ಎಂದು ಆದೇಶವಾಯಿತು. ನನ್ನನ್ನು ಕರೆದೊಯ್ಯುವಾಗ ಭಾವ ಬಾಗಿಲ ಬಳಿ ನಿಂತಿದ್ದರು. ಅಲ್ಲಿ ಒಂದು ಮೆಟ್ಟಿಲಿದೆ. ನೋಡ್ಕೊಂಡು ಎಂದರು.

ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್, ಯಾರ ಮೇಲೆ ಅನುಮಾನ ಎಂದು ಕೇಳಿದ್ದಕ್ಕೆ ನನ್ನ ಉತ್ತರ ಹೀಗಿದೆ. ಇದನ್ನು ಮಾಡಿದವನು ಕೆಲಸ ಕಲಿತ ದುಷ್ಟನಲ್ಲ, ಕಲಿಯದ ದಡ್ಡ. ಕಲಿತವನು ಗಡಿಯಾರದ ಅಂಕಿ ಅಳಿಸಿದ ಜಾಗವನ್ನು ಹೀಗೆ ಮಸುಕಾಗಿ ಬಿಡುವುದಿಲ್ಲ. ಲಿಫ್ಟು ನಡೆಸುವವರ ಕೆನ್ನೆಗೆ ಹೊಂಬಣ್ಣ ಬಳಿಯುವುದಿಲ್ಲ. ಇದು ಬಸ್ ನಿಲ್ದಾಣದ ಪಕ್ಕದ ಹೊಸ ಸ್ಟುಡಿಯೋದಂಥ ಕಡೆ ಅಗ್ಗದ ಮದುವೆ ವಿಡಿಯೋ ಮಾಡುವ ಯಾವನದೋ ಕೈಚಳಕ. ಅಭಿರುಚಿಯಿಲ್ಲದ ಕೆಲಸ. ಕಟ್ಟಡದವರು ಮ್ಯಾನೇಜರರ ಓಲೈಕೆಗೆ ಅಲ್ಲಿಗೆ ಕೊಟ್ಟು ಮಾಡಿಸಿರಬೇಕು. ಅಂಥವನನ್ನು ಹುಡುಕಿ, ಅವನ ಯಂತ್ರವನ್ನು ಜಪ್ತಿ ಮಾಡಿ, ಕ್ಯಾಮೆರಾ ಹತ್ತಿರವೂ ಸುಳಿಯದಂತೆ ಮಾಡಬೇಕೆಂದು ಕೋರುತ್ತೇನೆ.

ಇಲ್ಲಿ ಹೆಡ್ ಕಾನ್‌ಸ್ಟೇಬಲ್, ಅಲ್ಲ, ಕೋರ್ಟಿನ ಕಂಪ್ಯೂಟರಲ್ಲಿ ಓಡೋ ಹಾಗೆ ಮಾಡಿಸೋಕೆ ನಮ್ಮ ಠಾಣೆ ವಿಡಿಯೋಗಳೆಲ್ಲ ನಿಮ್ಮ ಹತ್ರಾನೇ ಬರೋದಲ್ವಾ ಎಂದು ಕೇಳಿದರು. ಹೌದು, ಆರು ವರ್ಷಗಳಿಂದ ನನ್ನ ಬಳಿಗೇ ಬರುತ್ತವೆ. ಅದಕ್ಕೇ ಹೇಳುತ್ತಿದ್ದೇನೆ, ಇದು ನನ್ನ ಬಳಿ ಬಂದದ್ದಲ್ಲ. ಠಾಣೆಯ ಕೆಲಸವನ್ನು ನಾನು ಮಡಿಯಿಂದ ಮಾಡುತ್ತೇನೆ. ಒಳಗೆ ಏನಿದೆ ಎಂದು ತೆರೆದೂ ನೋಡುವುದಿಲ್ಲ. ಒಂದು ಚಿತ್ರ ಕೂಡಿಸುವುದಿಲ್ಲ, ಒಂದು ಕಳೆಯುವುದಿಲ್ಲ. ಕೆಲಸ ಮುಗಿದ ದಿನವೇ ಸಂಜೆಯೊಳಗೆ ನನ್ನ ಯಂತ್ರದಿಂದ ಅಳಿಸಿಹಾಕುತ್ತೇನೆ. ಮದುವೆಯವರಿಗೆ ನಾನು ಹೇಗೋ, ನ್ಯಾಯಕ್ಕೆ ನನ್ನ ಕೈಯಿಂದ ಇಂದಿನವರೆಗೆ ಒಂದು ಕೂದಲೂ ಕೊಂಕಿಲ್ಲ. ಇದನ್ನು ಎಲ್ಲಿ ಬೇಕಾದರೂ ಎದೆ ತಟ್ಟಿ ಹೇಳುತ್ತೇನೆ. ಇಲ್ಲಿಗೆ ಆರನೇ ಪುಟ ಮುಗಿಯಿತು, ಸಮಯ 1 ಗಂಟೆ 50 ನಿಮಿಷ.

ಏಳನೇ ಪುಟ. ಸಮಯ 2 ಗಂಟೆ 15 ನಿಮಿಷ. ನಡುವಿನ ಇಪ್ಪತ್ತೈದು ನಿಮಿಷಗಳಲ್ಲಿ ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಕೀಲಿಗೊಂಚಲನ್ನು ತೋರಿಸಲು ಠಾಣೆಯಲ್ಲಿರುವ ಡಿಸ್ಕಿನ ಪ್ರತಿಯನ್ನು ಹಾಕಿಸಬೇಕೆಂದು ನಾನು ಒತ್ತಾಯ ಮಾಡಿದೆ. ಹೆಡ್ ಕಾನ್‌ಸ್ಟೇಬಲ್ ಬೀರುವಿನಿಂದ ತೆಗೆದು, ಒಳಕೋಣೆಯ ಕಂಪ್ಯೂಟರಿಗೆ ಹಾಕಿದರು. ಆ ಕಂಪ್ಯೂಟರಿನ ಎರಡೂ ಪಕ್ಕ ಅಂಗೈಯಗಲದ ಸ್ಪೀಕರುಗಳಿವೆ, ಅವರು ಬಿಡುವಿನಲ್ಲಿ ಹಾಡು ಕೇಳುವುದಕ್ಕಾಗಿ. ಲಿಫ್ಟಿನ ಕ್ಯಾಮೆರಾಕ್ಕೆ ಕಣ್ಣುಂಟು, ಕಿವಿಯಿಲ್ಲ. ಆದ್ದರಿಂದ ಯಾವ ಸದ್ದೂ ಬರುವ ಕಾರಣವಿರಲಿಲ್ಲ.

ಮೊದಲು ಒಂದು ಹಕ್ಕಿ ಕೂಗಿತು. ಆಮೇಲೆ ಪಿಟೀಲು ಶುರುವಾಯಿತು.

ಭಾವ ಸ್ಟೂಲಿನಿಂದ ಏಳುವಾಗ ಅದರ ಜೊತೆ ಕೊಳಲು ಸೇರಿತು. ಅವರ ಕೈ ಮ್ಯಾನೇಜರರ ಬೆನ್ನು ಮುಟ್ಟುವ ಹೊತ್ತಿಗೆ ಸರಿಯಾಗಿ ಎಲ್ಲ ವಾದ್ಯಗಳೂ ಒಟ್ಟಿಗೆ ಮೇಲೆದ್ದವು. ಮ್ಯಾನೇಜರ್ ನೆಲಕ್ಕೆ ಬಿದ್ದಾಗ ಗಂಟೆಗಳು ಬಾರಿಸಿದವು. ಹೆಡ್ ಕಾನ್‌ಸ್ಟೇಬಲ್ ಪರದೆಯನ್ನು ನೋಡದೆ ಸ್ಪೀಕರನ್ನು ನೋಡುತ್ತ, ಇದು ನಮ್ಮ ಮಗಳು ಕಾರು ಹತ್ತೋವಾಗ ಬರೋದಲ್ವಾ ಎಂದು ಕೇಳಿದರು.

ಹೌದು. ಅವರ ಮಗಳ ಮದುವೆ ವಿಡಿಯೋ ಮಾಡಿದವನು ನಾನು. ಆ ಸಂಗೀತ ಬೇರೆ ಯಾವ ಸ್ಟುಡಿಯೋದಲ್ಲೂ ಸಿಗುವುದಿಲ್ಲ. ಅದನ್ನು ಕೀಬೋರ್ಡಿನಲ್ಲಿ ನುಡಿಸಿದವನು ನಾನು, ಮೂರನೇ ಸಾಲಿನಲ್ಲಿ ಒಂದು ಸ್ವರ ತಪ್ಪಿದೆ. ಎರಡು ಸಲ ಹಾಕಿ ಕೇಳಿದೆವು. ತಪ್ಪಿದೆ.

ಆಮೇಲೆ ಹೆಡ್ ಕಾನ್‌ಸ್ಟೇಬಲ್ ರಿಜಿಸ್ಟರ್ ತೆಗೆದರು. ಏಪ್ರಿಲ್ 26ರ ಬೆಳಿಗ್ಗೆ 10 ಗಂಟೆಗೆ ಅವರೇ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹನ್ನೊಂದು ಪೆನ್‌ಡ್ರೈವ್ ತಂದು ನನ್ನ ಕೌಂಟರಿನ ಮೇಲಿಟ್ಟದ್ದು, ಸಂಜೆ ಹನ್ನೊಂದು ಡಿಸ್ಕ್ ಒಯ್ದದ್ದು ಅದರಲ್ಲಿದೆ. ಐದನೆಯದರ ಎದುರು ‘ಲಿಫ್ಟ್’ ಎಂದು ಬರೆದಿದೆ. ಅಂದು ನನ್ನ ಯಂತ್ರದಲ್ಲಿ ಒಂದು ಮದುವೆ ವಿಡಿಯೋ ಸಾಲಿನಲ್ಲಿ ನಿಂತಿತ್ತು. ಇನ್ನೊಂದು ಮದುವೆಗೆ ಹೊರಡುವ ಅವಸರದಲ್ಲಿ ಈ ಹನ್ನೊಂದನ್ನೂ ಅದರ ಹಿಂದೆ ನಿಲ್ಲಿಸಿ ಗುಂಡಿ ಒತ್ತಿ ಹೋದೆ. ನಮ್ಮ ಕಸುಬಿನಲ್ಲಿ ಒಂದು ಸಲ ಹೊಂದಿಸಿಟ್ಟರೆ ಬದಲಿಸುವವರೆಗೆ ಯಂತ್ರ ಬಂದದ್ದಕ್ಕೆಲ್ಲ ಅದನ್ನೇ ಮಾಡುತ್ತ ಹೋಗುತ್ತದೆ. ನಿಧಾನ ಮಾಡು, ಮುಖ ನುಣುಪು ಮಾಡು, ಹೊಂಬಣ್ಣ ಹಚ್ಚು, ಮೂಲೆಯ ಅಂಕಿ ಅಳಿಸು, ಹಕ್ಕಿಯಿಂದ ಶುರುಮಾಡು. ನಾನು ಬದಲಿಸಿರಲಿಲ್ಲ. ಡಿಸ್ಕಿನ ಮೇಲೆ ನಂಬರ್ ಬರೆದು ಕೊಟ್ಟೆ, ತೆರೆದು ನೋಡಲಿಲ್ಲ. ನೋಡುವುದಿಲ್ಲ ಎಂಬುದು ನನ್ನ ಹೆಮ್ಮೆಯಾಗಿತ್ತಲ್ಲ. ಯಥಾಪ್ರತಿ ಎಂದು ಸಹಿ ಹಾಕಿದ ಹೆಡ್ ಕಾನ್‌ಸ್ಟೇಬಲ್ ಅವರೂ ನೋಡಿರಲಿಲ್ಲ. ಇದನ್ನೂ ಬರೀಬೇಕಾ ಎಂದು ಅವರು ಕೇಳಿದರು. ನನ್ನ ಭಾವ ಮೂರು ಗಂಟೆಗೆ ಜೈಲಿಗೆ ಹೋಗೋಕೆ ನಿಂತಿದ್ದಾರೆ ಎಂದೆ. ಅವರು ರಿಜಿಸ್ಟರನ್ನು ನನ್ನ ಕಡೆಗೆ ತಿರುಗಿಸಿ, ಬರೀರಿ ಎಂದರು.

ಅಂದು ತಂದ ಪೆನ್‌ಡ್ರೈವನ್ನು ಖಾಲಿ ಮಾಡಿ ಬೇರೆ ಪ್ರಕರಣಕ್ಕೆ ಬಳಸಿಕೊಂಡಿದ್ದೇವೆ, ಮೂಲ ಎಂಬುದು ಎಲ್ಲೂ ಉಳಿದಿಲ್ಲ, ಬರೀ ನಿಮ್ಮ ಬಾಯಿಮಾತನ್ನು ಕೋರ್ಟು ನಂಬುತ್ತದೆಯೇ ಎಂದು ಅವರು ಕೇಳಿದರು. ಈ ಪ್ರಶ್ನೆಗೆ ಉತ್ತರ ಕೊಡಲು ನಾನು ಎಂಟು ನಿಮಿಷ ತೆಗೆದುಕೊಂಡೆ. ಅವು ನಿಜವಾದ ಎಂಟು ನಿಮಿಷ, ಯಾರೂ ಎಳೆದದ್ದಲ್ಲ.

ಮೂಲ ಉಳಿದಿದೆ. ಕೆಲಸ ಮುಗಿದ ದಿನವೇ ಅಳಿಸಿಹಾಕುತ್ತೇನೆ ಎಂದು ಆರನೇ ಪುಟದಲ್ಲಿ ಬರೆದದ್ದು ಸುಳ್ಳು. ಆರು ವರ್ಷಗಳಲ್ಲಿ ಠಾಣೆಯಿಂದ ಬಂದ ಒಂದನ್ನೂ ನಾನು ಅಳಿಸಿಲ್ಲ. ಅಳಿಸುವುದು ಬೇಸರದ ಕೆಲಸ. ನನ್ನ ಯಂತ್ರದಲ್ಲಿ ‘ಅಳಿಸಿದ್ದು’ ಎಂಬ ಹೆಸರಿನ ಒಂದು ಫೋಲ್ಡರ್ ಇದೆ, ಎಲ್ಲವನ್ನೂ ಅದರೊಳಗೆ ಎಸೆದು ಮಲಗುತ್ತೇನೆ. ಲಿಫ್ಟಿನ ಹದಿನಾರು ಸೆಕೆಂಡು, ಗಡಿಯಾರದ ಅಂಕಿಗಳ ಸಮೇತ, ಭಾವನ ನಿಜವಾದ ಮೈಬಣ್ಣ ಮತ್ತು ಮಡಚಿದ ಬೆರಳುಗಳ ಸಮೇತ ಅಲ್ಲಿರಬೇಕು. ಅಂದು ಬಂದ ಉಳಿದ ಹತ್ತು ಪ್ರಕರಣಗಳ ಮೂಲಗಳೂ ಅಲ್ಲಿವೆ. ಆ ಹತ್ತರಲ್ಲಿ ಮೂರಕ್ಕೆ ತೀರ್ಪಾಗಿದೆ ಎಂದು ರಿಜಿಸ್ಟರ್ ಹೇಳುತ್ತದೆ. ಒಬ್ಬರು ಒಳಗಿದ್ದಾರೆ. ಯಂತ್ರವನ್ನು ಜಪ್ತಿ ಮಾಡಬೇಕೆಂದು ಕೋರಿದ್ದೇನಷ್ಟೆ, ದಯವಿಟ್ಟು ಈಗಲೇ ಮಾಡಿ. ಸ್ಟುಡಿಯೋದ ಬೀಗದ ಕೈ ಈ ಕಾಗದದ ಜೊತೆ ಕೊಟ್ಟಿದ್ದೇನೆ. ಕೋರ್ಟು ಇಲ್ಲಿಂದ ಆರುನೂರು ಮೀಟರ್.

ಮೇಲೆ ಬರೆದದ್ದನ್ನು ಓದಿ ನೋಡಿದ್ದೇನೆ. ಒಂದರಿಂದ ಆರನೇ ಪುಟದವರೆಗಿನ ಸಿಟ್ಟು ನಿಜ, ಅದರ ಮೇಲೆ ಬರೆದ ವಿಳಾಸ ತಪ್ಪು. ಏಳನೇ ಪುಟ ಪೂರ್ತಿ ನಿಜ. ಅಭಿರುಚಿಯಿಲ್ಲದ ದಡ್ಡ ಎಂಬುದನ್ನು ಹೊಡೆದುಹಾಕಲು ಅನುಮತಿ ಕೇಳಿದೆ. ಹೆಡ್ ಕಾನ್‌ಸ್ಟೇಬಲ್, ದಾಖಲೆಯನ್ನು ತಿದ್ದುವಂತಿಲ್ಲ ಎಂದರು.

ಸ್ಥಳ: ಠಾಣೆಯ ಒಳಕೋಣೆ
ದಿನಾಂಕ: ಸೆಪ್ಟೆಂಬರ್ 18, ಮಧ್ಯಾಹ್ನ 2 ಗಂಟೆ 38 ನಿಮಿಷ
ಸಹಿ: (ಸ್ವಲ್ಪನಗಿ)